ಮರಳಿ ಬಂದ ಬೇನೆ, ಬತ್ತದ ಭರವಸೆ

ಮನೆಯ ಗೃಹಿಣಿಗೆ ಕ್ಯಾನ್ಸರ್ ತಗುಲಿದೆ ಎಂಬ ಸುದ್ದಿ ಮೊದಲ ಬಾರಿ ಬಂದಾಗ ಮನೆಮಂದಿಯೆಲ್ಲ ಸೊಂಟಕಟ್ಟಿ ನಿಲ್ಲುತ್ತಾರೆ. ಬಂಧುಗಳು ಧಾವಿಸಿ ಬರುತ್ತಾರೆ, ಹಣ ಹೊಂದಿಸುತ್ತಾರೆ, ಹರಕೆ ಹೊರುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದು, ಕಿಮೋಥೆರಪಿಯ ಆವರ್ತಗಳು ಕಳೆದು, ಉದುರಿದ ಕೂದಲು ಮತ್ತೆ ಚಿಗುರಿದಾಗ ‘ಗಂಡಾಂತರ ಕಳೆಯಿತು’ ಎಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಒಂದೆರಡು ವರ್ಷಗಳ ತರುವಾಯ ಅದೇ ಬೇನೆ ಮರಳಿ ತಲೆಯೆತ್ತಿದರೆ ಆ ಮನೆಯಲ್ಲಿ ಕವಿಯುವ ಮೌನವೇ ಬೇರೆ. ಮೊದಲ ಬಾರಿಯ ಧೈರ್ಯ ಕರಗಿರುತ್ತದೆ. ಕೂಡಿಟ್ಟ ಹಣ ತೀರಿರುತ್ತದೆ. ಬಂದುಹೋಗುವವರ ಸಂಖ್ಯೆಯೂ ಇಳಿದಿರುತ್ತದೆ. ‘ಇನ್ನೇನಿದೆ?’ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲವಾದರೂ ಎಲ್ಲರ ಕಣ್ಣುಗಳಲ್ಲಿಯೂ ಅದು ಮೂಡಿರುತ್ತದೆ.

ಅಂಡಾಶಯದ ಕ್ಯಾನ್ಸರ್ ಹೀಗೆ ಮರುಕಳಿಸುವ ಸ್ವಭಾವದ್ದು. ಮೈಸೂರಿನಂತಹ ನಗರದಲ್ಲಿ ಇಂದು ಇದಕ್ಕೆ ಚಿಕಿತ್ಸೆಯುಂಟು, ಆರೈಕೆಯುಂಟು. ಆದರೂ ಮರುಕಳಿಸಿದ ರೋಗದೊಡನೆ ತಿಂಗಳುಗಳನ್ನು, ವರ್ಷಗಳನ್ನು ಬಾಳುವುದು ಹೇಗೆ ಎಂಬ ತಿಳಿವಳಿಕೆ ನಮ್ಮ ಕುಟುಂಬಗಳಲ್ಲಿ ಇನ್ನೂ ಸಾಲದು. ‘ಇನ್ನೇನಿದೆ?’ ಎಂಬ ಆ ಪ್ರಶ್ನೆಗೆ ಉತ್ತರವಿದೆ. ಅದನ್ನು ಕಂಡುಕೊಳ್ಳಲು ಮನೆಯವರೂ ರೋಗಿಯೂ ಮೊದಲು ಪರಸ್ಪರ ಸತ್ಯವನ್ನು ಆಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಅಡಗಿ ಬೆಳೆಯುವ ರೋಗ

ಅಂಡಾಶಯಗಳು ಹೊಟ್ಟೆಯ ಆಳದಲ್ಲಿ, ಗರ್ಭಕೋಶದ ಎರಡೂ ಬದಿಗಳಲ್ಲಿ ಇರುವ ಬಾದಾಮಿ ಗಾತ್ರದ ಅಂಗಗಳು. ಸ್ತನದಲ್ಲಿ ಗಂಟಾದರೆ ಕೈಗೆ ಸಿಗುತ್ತದೆ. ಗರ್ಭಕೋಶದ ಕೊರಳಿನ ರೋಗವನ್ನು ಸರಳ ಪರೀಕ್ಷೆಯಿಂದ ಮೊದಲೇ ಹಿಡಿಯಬಹುದು. ಅಂಡಾಶಯದ ಕ್ಯಾನ್ಸರಿಗೆ ಮಾತ್ರ ಅಂತಹ ನಂಬಲರ್ಹವಾದ ಮುಂಜಾಗ್ರತಾ ಪರೀಕ್ಷೆ ಇದುವರೆಗೂ ಲಭ್ಯವಾಗಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವೇ ಅದರ ಲಕ್ಷಣಗಳು. ಇವನ್ನು ಅಜೀರ್ಣವೆಂದೋ ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದೋ ತಿಳಿದು, ಜೀರಿಗೆ ಕಷಾಯ ಕುಡಿದು ಸುಮ್ಮನಾಗುವ ತಾಯಂದಿರೇ ಹೆಚ್ಚು. ಇಂತಹ ತೊಂದರೆ ಎರಡು ಮೂರು ವಾರ ಬಿಡದೆ ಕಾಡಿದರೆ ಸ್ತ್ರೀರೋಗ ತಜ್ಞರನ್ನು ಕಾಣುವುದು ಲೇಸು. ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 47 ಸಾವಿರ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಅವರಲ್ಲಿ ಬಹುಪಾಲು ಮಂದಿಗೆ ರೋಗ ತಿಳಿಯುವ ಹೊತ್ತಿಗೆ ಅದು ಹೊಟ್ಟೆಯ ಒಳಪೊರೆಗೆ ಹರಡಿರುತ್ತದೆ.

ಹೀಗೆ ಹರಡಿದ ರೋಗಕ್ಕೂ ಶಸ್ತ್ರಚಿಕಿತ್ಸೆ ಮತ್ತು ಕಿಮೋಥೆರಪಿಗಳಿಂದ ಮೊದಲ ಸುತ್ತಿನಲ್ಲಿ ಒಳ್ಳೆಯ ಫಲವೇ ದೊರೆಯುತ್ತದೆ. ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಆದರೆ ಕಣ್ಣಿಗೂ ಯಂತ್ರಕ್ಕೂ ಗೋಚರಿಸದ ಕೆಲವು ಜೀವಕೋಶಗಳು ಔಷಧಿಯ ಹೊಡೆತವನ್ನು ತಾಳಿಕೊಂಡು ಅಲ್ಲಲ್ಲಿ ಉಳಿದುಬಿಡುತ್ತವೆ. ಹೊಲದ ಕಳೆಯನ್ನು ಎಷ್ಟೇ ಕಿತ್ತರೂ ಮಣ್ಣಿನಲ್ಲಿ ಉಳಿದ ಗರಿಕೆಯ ಬೇರು ಮುಂದಿನ ಮಳೆಗೆ ಚಿಗುರುವಂತೆ ಇವು ಕಾಲಾಂತರದಲ್ಲಿ ಬೆಳೆಯುತ್ತವೆ. ಮುಂದುವರಿದ ಹಂತದಲ್ಲಿ ಪತ್ತೆಯಾದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಗೆ ರೋಗ ಮರುಕಳಿಸುತ್ತದೆ. ಆದುದರಿಂದ ‘ನಾನು ಪಥ್ಯ ತಪ್ಪಿದೆ’, ‘ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ’, ‘ಯಾರ ದೃಷ್ಟಿಯೋ ತಾಗಿತು’ ಎಂದು ಕೊರಗುವುದಕ್ಕೆ ಕಾರಣವೇ ಇಲ್ಲ. ಮರುಕಳಿಕೆ ಈ ರೋಗದ ಗುಣ. ಅದು ಯಾರ ಅಪರಾಧವೂ ಅಲ್ಲ, ಯಾವ ಕರ್ಮದ ಶಿಕ್ಷೆಯೂ ಅಲ್ಲ. ಈ ಒಂದು ಮಾತು ಮನಸ್ಸಿಗೆ ನಾಟಿದರೆ ಅರ್ಧ ಭಾರ ಇಳಿದಂತೆ.

ಮರುಕಳಿಸಿದ ಮೇಲೂ ದಾರಿಗಳುಂಟು

ಮರುಕಳಿಸಿದ ಅಂಡಾಶಯದ ಕ್ಯಾನ್ಸರನ್ನು ಬೇರುಸಹಿತ ಕೀಳುವುದು ಬಹುಪಾಲು ರೋಗಿಗಳಲ್ಲಿ ಸಾಧ್ಯವಾಗುವುದಿಲ್ಲ. ಈ ಮಾತನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ‘ಬೇರುಸಹಿತ ಕೀಳಲಾಗದು’ ಎಂಬುದಕ್ಕೂ ‘ಮಾಡುವುದೇನೂ ಉಳಿದಿಲ್ಲ’ ಎಂಬುದಕ್ಕೂ ಅಜಗಜಾಂತರವಿದೆ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬೇರುಸಹಿತ ಹೋಗುವುದಿಲ್ಲ; ಆದರೂ ಅವುಗಳೊಡನೆ ಬಾಳುವವರನ್ನು ನಾವು ದಿನನಿತ್ಯ ಕಾಣುತ್ತೇವೆ. ಕ್ಯಾನ್ಸರ್ ಅವುಗಳಷ್ಟು ಸೌಮ್ಯವಲ್ಲ ನಿಜ. ಆದರೂ ಚಿಕಿತ್ಸೆ, ಬಿಡುವು, ಮತ್ತೆ ಚಿಕಿತ್ಸೆ, ಮತ್ತೆ ಬಿಡುವು ಎಂಬ ಕ್ರಮದಲ್ಲಿ ಹಲವು ವರ್ಷಗಳನ್ನು ಅರ್ಥಪೂರ್ಣವಾಗಿ ಕಳೆಯುತ್ತಿರುವ ಮಹಿಳೆಯರಿದ್ದಾರೆ.

ಇಲ್ಲಿ ವೈದ್ಯರು ಮೊದಲು ನೋಡುವುದು ಕಾಲದ ಅಂತರವನ್ನು. ಪ್ಲಾಟಿನಂ ಲೋಹದ ಸಂಯುಕ್ತಗಳಾದ ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಔಷಧಿಗಳೇ ಈ ರೋಗದ ಚಿಕಿತ್ಸೆಯ ಬೆನ್ನೆಲುಬು. ಅವುಗಳ ಕೊನೆಯ ಆವರ್ತ ಮುಗಿದು ಆರು ತಿಂಗಳಿಗೂ ಮೀರಿದ ಬಳಿಕ ರೋಗ ಮರಳಿದರೆ ಅದೇ ಔಷಧಿಗೆ ಅದು ಮತ್ತೊಮ್ಮೆ ಮಣಿಯುವ ಸಂಭವ ಹೆಚ್ಚು. ಬಿಡುವು ದೀರ್ಘವಾದಷ್ಟೂ ಆಸೆ ಹೆಚ್ಚು. ಆರು ತಿಂಗಳೊಳಗೇ ಮರಳಿದರೆ ಬೇರೆ ಬಗೆಯ ಔಷಧಿಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಒಂದೇ ಕಡೆ ಮರಳಿದ ಗೆಡ್ಡೆಯನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಿರುವ ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯಿಂದ ಆಯುಸ್ಸು ಹೆಚ್ಚುತ್ತದೆಂದು 2021ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿಕೊಟ್ಟಿತು. ಇದು ಎಲ್ಲರಿಗೂ ಸಲ್ಲುವ ಮಾತಲ್ಲವಾದರೂ ‘ನನಗೆ ಇದು ಸಾಧ್ಯವೇ?’ ಎಂದು ತಜ್ಞರನ್ನು ಕೇಳುವುದಕ್ಕೆ ಅಡ್ಡಿಯಿಲ್ಲ.

ಔಷಧಿಗಳ ಚರಿತ್ರೆಯೂ ಭರವಸೆ ಮೂಡಿಸುವಂತಹುದೇ. 1965ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಸೂಕ್ಷ್ಮಜೀವಿಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದಾಗ, ಅವುಗಳ ವಿಭಜನೆಯನ್ನು ತಡೆದದ್ದು ವಿದ್ಯುತ್ತಲ್ಲ, ವಿದ್ಯುದ್ವಾರದಿಂದ ಕರಗಿದ ಪ್ಲಾಟಿನಂ ಎಂಬುದು ಆಕಸ್ಮಿಕವಾಗಿ ತಿಳಿಯಿತು. 1978ರ ಹೊತ್ತಿಗೆ ಅದು ಔಷಧಿಯಾಗಿ ಅಲ್ಲಿ ಮನ್ನಣೆ ಪಡೆಯಿತು. ಯೂ ಎಂಬ ಮರದ ತೊಗಟೆಯಿಂದ ದೊರೆತ ಪ್ಯಾಕ್ಲಿಟಾಕ್ಸೆಲ್ ಔಷಧಿಗೆ 1992ರಲ್ಲಿ ಅನುಮತಿ ದೊರೆತದ್ದು ಅಂಡಾಶಯದ ಕ್ಯಾನ್ಸರಿಗಾಗಿಯೇ. 2014ರಲ್ಲಿ ಓಲಾಪರಿಬ್ ಎಂಬ ಗುಳಿಗೆ ಬಂದಿತು. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ದೋಷವಿರುವ ಮಹಿಳೆಯರಲ್ಲಿ ಈ ಬಗೆಯ ಗುಳಿಗೆಗಳು ರೋಗದ ಮರಳುವಿಕೆಯನ್ನು ಗಣನೀಯವಾಗಿ ಮುಂದೂಡುತ್ತವೆ. 1970ರ ದಶಕದಲ್ಲಿ ಈ ರೋಗ ತಗುಲಿದ ತಾಯಿಗೆ ಇಲ್ಲದಿದ್ದ ಇಷ್ಟೊಂದು ದಾರಿಗಳು ಇಂದಿನ ತಾಯಿಗೆ ಇವೆ.

ಬರೆಯುತ್ತಲೇ ಬಾಳಿದವರು

ಕನ್ನಡ ನಾಡಿನ ಓದುಗರಿಗೆ ಈ ಸಂದರ್ಭದಲ್ಲಿ ನೆನಪಾಗಬೇಕಾದವರು ಡಾ. ಅನುಪಮಾ ನಿರಂಜನ. ಮೈಸೂರಿನಲ್ಲಿ ವೈದ್ಯಕೀಯ ಓದಿದ ಅವರು ಕಾದಂಬರಿಕಾರ್ತಿಯಾಗಿ, ‘ತಾಯಿ-ಮಗು’, ‘ಕೇಳು ಕಿಶೋರಿ’ಯಂತಹ ಗ್ರಂಥಗಳ ಮೂಲಕ ಮನೆಮನೆಯ ವೈದ್ಯೆಯಾಗಿ ಪ್ರಸಿದ್ಧರಾದವರು. ಪಾರ್ಶ್ವವಾಯುವಿಗೆ ಒಳಗಾಗಿದ್ದ ಪತಿ, ಹಿರಿಯ ಸಾಹಿತಿ ನಿರಂಜನರ ಶುಶ್ರೂಷೆ ಒಂದೆಡೆ. ತಮ್ಮನ್ನೇ ಕಾಡಿದ ಕ್ಯಾನ್ಸರ್ ಇನ್ನೊಂದೆಡೆ. ಈ ಎರಡರ ನಡುವೆಯೂ ಅವರ ಲೇಖನಿ ನಿಲ್ಲಲಿಲ್ಲ. 1991ರಲ್ಲಿ ಅವರು ತೀರಿಕೊಂಡರು. ಅವರು ರೋಗವನ್ನು ಗೆದ್ದರೆಂದು ನಾವು ಹೇಳಲಾರೆವು. ಆದರೆ ರೋಗವೇ ತಮ್ಮ ಇಡೀ ಬದುಕಾಗುವುದಕ್ಕೆ ಅವರು ಎಡೆಗೊಡಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಲೇಖಕಿ ಬಿ.ವಿ. ಭಾರತಿಯವರು ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನು ‘ಸಾಸಿವೆ ತಂದವಳು’ ಎಂಬ ಕೃತಿಯಲ್ಲಿ ಮುಚ್ಚುಮರೆಯಿಲ್ಲದೆ ಕನ್ನಡಿಗರ ಮುಂದಿಟ್ಟರು. ಚಲನಚಿತ್ರ ನಟಿ ಮನೀಷಾ ಕೊಯಿರಾಲಾ ಅವರಿಗೆ 2012ರಲ್ಲಿ ಪತ್ತೆಯಾದದ್ದು ಅಂಡಾಶಯದ ಕ್ಯಾನ್ಸರೇ. ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದು ಮತ್ತೆ ಅಭಿನಯಕ್ಕೆ ಮರಳಿದ ಅವರೂ ತಮ್ಮ ಅನುಭವವನ್ನು 2018ರಲ್ಲಿ ಪುಸ್ತಕವಾಗಿ ಹೊರತಂದರು.

ಈ ಮೂವರ ರೋಗದ ಬಗೆ, ಗತಿ, ಅನುಕೂಲಗಳು ಬೇರೆ ಬೇರೆ. ಸಾಮಾನ್ಯ ಗುಣ ಒಂದೇ: ಅವರು ತಮ್ಮ ರೋಗದ ಹೆಸರನ್ನು ಬಲ್ಲವರಾಗಿದ್ದರು, ಅದನ್ನು ಬಾಯಿಬಿಟ್ಟು ಹೇಳಿದರು.

ಮರೆಮಾಚುವ ಪ್ರೀತಿ

ನಮ್ಮ ಮನೆಗಳಲ್ಲಿ ಆಗುವುದೇನು? ವೈದ್ಯರ ಕೊಠಡಿಯ ಹೊರಗೆ ಪತಿಯೋ ಮಗನೋ ಕೈಮುಗಿದು, ‘ಡಾಕ್ಟರೇ, ದಯವಿಟ್ಟು ಅಮ್ಮನಿಗೆ ಮಾತ್ರ ಹೇಳಬೇಡಿ, ಅವರು ತಡೆದುಕೊಳ್ಳುವುದಿಲ್ಲ’ ಎಂದು ಬೇಡಿಕೊಳ್ಳುವುದು ಅಪರೂಪದ ದೃಶ್ಯವಲ್ಲ. ಇದರ ಹಿಂದೆ ಇರುವುದು ಪ್ರೀತಿಯೇ ಹೊರತು ಮೋಸವಲ್ಲ. ಆದರೆ ಅದರ ಪರಿಣಾಮವೇನಾಗುತ್ತದೆಂಬುದನ್ನು ಯೋಚಿಸಬೇಕು.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಐವತ್ತೈದು ವಯಸ್ಸಿನ ತಾಯಿ, ಸರಸ್ವತಿಪುರದಲ್ಲಿ ಮನೆ, ಪತಿ ನಿವೃತ್ತರು, ಮಗಳಿಗೆ ಮದುವೆಯಾಗಿದೆ, ಮಗ ಬೆಂಗಳೂರಿನಲ್ಲಿ ಉದ್ಯೋಗಿ. ರೋಗ ಮರಳಿದೆ ಎಂಬುದನ್ನು ಮೂವರೂ ಸೇರಿ ಆಕೆಯಿಂದ ಮುಚ್ಚಿಟ್ಟಿದ್ದಾರೆ. ‘ಬರೀ ಶಕ್ತಿ ಬರೋದಕ್ಕೆ ಇಂಜೆಕ್ಷನ್ನು ಕಣಮ್ಮ’ ಎಂದು ಮಗ ಹೇಳುತ್ತಾನೆ. ಆಕೆಗೆ ತಿಳಿಯುವುದಿಲ್ಲವೇ? ಹಿಂದೊಮ್ಮೆ ಅದೇ ಕುರ್ಚಿಯಲ್ಲಿ ಕುಳಿತು ಅದೇ ಔಷಧಿಯನ್ನು ಏರಿಸಿಕೊಂಡಾಕೆ ಆಕೆ. ಎಲ್ಲವೂ ತಿಳಿಯುತ್ತದೆ. ಮಕ್ಕಳು ನೊಂದುಕೊಳ್ಳಬಾರದೆಂದು ಆಕೆ ತಿಳಿಯದವಳಂತೆ ಇರುತ್ತಾಳೆ. ಆಕೆ ನೊಂದುಕೊಳ್ಳಬಾರದೆಂದು ಮಕ್ಕಳು ನಗುಮುಖ ಹೊತ್ತಿರುತ್ತಾರೆ. ಒಂದೇ ಸೂರಿನಡಿಯಲ್ಲಿ ನಾಲ್ವರೂ ಬೇರೆ ಬೇರೆಯಾಗಿ ಅಳುತ್ತಾರೆ. ಆಕೆಗೆ ಹೇಳಬೇಕೆನಿಸಿದ ಮಾತುಗಳು, ಕೊಡಬೇಕೆನಿಸಿದ ಒಡವೆ, ನೋಡಬೇಕೆನಿಸಿದ ಊರು, ಆಡಬೇಕೆನಿಸಿದ ಕ್ಷಮೆಯ ಮಾತು ಯಾವುದಕ್ಕೂ ಅವಕಾಶ ದೊರೆಯುವುದಿಲ್ಲ.

ಸತ್ಯವನ್ನು ಹೇಳುವುದಕ್ಕೂ ಒಂದು ಕ್ರಮವಿದೆ. ಎಲ್ಲವನ್ನೂ ಒಂದೇ ಏಟಿಗೆ ಸುರಿಯಬೇಕಿಲ್ಲ. ‘ನಿನಗೆ ಏನನ್ನಿಸುತ್ತಿದೆ? ಎಷ್ಟು ತಿಳಿಯಬೇಕೆಂದಿದ್ದೀಯೆ?’ ಎಂದು ಮೊದಲು ರೋಗಿಯನ್ನೇ ಕೇಳಬೇಕು. ಕೆಲವರು ಪ್ರತಿಯೊಂದು ವರದಿಯನ್ನೂ ಓದಬಯಸುತ್ತಾರೆ. ಮತ್ತೆ ಕೆಲವರು ‘ಮುಂದೆ ಏನು ಮಾಡಬೇಕೋ ಅಷ್ಟು ಹೇಳಿ ಸಾಕು’ ಎನ್ನುತ್ತಾರೆ. ಎರಡೂ ಸರಿಯೇ. ಆಕೆ ಕೇಳಿದಷ್ಟಕ್ಕೆ ಸುಳ್ಳಿಲ್ಲದೆ ಉತ್ತರಿಸುವುದು, ಕೇಳದುದನ್ನು ಹೇರದಿರುವುದು ಸರಿಯಾದ ಮಾರ್ಗ. ಸುಳ್ಳಿನ ಮೇಲೆ ಕಟ್ಟಿದ ಭರವಸೆ ಮುಂದಿನ ಸ್ಕ್ಯಾನಿನವರೆಗೆ ಮಾತ್ರ ನಿಲ್ಲುತ್ತದೆ. ‘ಪೂರ್ತಿ ವಾಸಿಯಾಗುತ್ತದೆ’ ಎಂಬ ಒಂದೇ ಆಸೆಗೆ ಜೋತುಬೀಳುವ ಬದಲು, ‘ಮೊಮ್ಮಗಳ ಹುಟ್ಟುಹಬ್ಬಕ್ಕೆ ಎದ್ದು ಕೂರಬೇಕು’, ‘ದಸರೆಯ ಹೊತ್ತಿಗೆ ನೋವಿಲ್ಲದೆ ಇರಬೇಕು’, ‘ಒಮ್ಮೆ ತವರಿಗೆ ಹೋಗಿಬರಬೇಕು’ ಎಂಬಂತಹ ಕೈಗೆಟಕುವ ಆಸೆಗಳನ್ನು ಒಂದೊಂದಾಗಿ ಕಟ್ಟಿಕೊಂಡಾಗ ಅವುಗಳಲ್ಲಿ ಅನೇಕ ಈಡೇರುತ್ತವೆ. ಈಡೇರಿದ ಪ್ರತಿ ಆಸೆಯೂ ಮುಂದಿನದಕ್ಕೆ ಬಲ ನೀಡುತ್ತದೆ.

ಪರೀಕ್ಷೆಯ ಅಂಕಿಯೂ ಮನಸ್ಸಿನ ನೆಮ್ಮದಿಯೂ

ಸಿಎ-125 ಎಂಬ ರಕ್ತಪರೀಕ್ಷೆಯ ಹೆಸರು ಈ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅಂಕಿ ಇಳಿದರೆ ಹಬ್ಬ, ಏರಿದರೆ ಸೂತಕ ಎಂಬಂತಾಗಿರುತ್ತದೆ. 2010ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದು ಒಂದು ಮುಖ್ಯ ವಿಷಯವನ್ನು ತಿಳಿಸಿತು. ಯಾವ ತೊಂದರೆಯೂ ಇಲ್ಲದಿರುವಾಗ ಕೇವಲ ಈ ಅಂಕಿ ಏರಿತೆಂಬ ಕಾರಣಕ್ಕೆ ಬೇಗನೆ ಕಿಮೋಥೆರಪಿ ಆರಂಭಿಸಿದವರು, ಲಕ್ಷಣಗಳು ಕಾಣಿಸಿದ ಮೇಲೆ ಆರಂಭಿಸಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅವರ ಜೀವನದ ಗುಣಮಟ್ಟ ಮಾತ್ರ ಬೇಗನೆ ಕುಂದಿತು. ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ಎಷ್ಟು ದಿನಗಳಿಗೊಮ್ಮೆ ಮಾಡಿಸಬೇಕು, ಅಂಕಿ ಏರಿದರೆ ಏನು ಮಾಡಬೇಕು ಎಂಬುದನ್ನು ವೈದ್ಯರೊಡನೆ ಮೊದಲೇ ನಿಶ್ಚಯಿಸಿಕೊಂಡರೆ ಪ್ರತಿ ತಿಂಗಳೂ ನಡುಗುವುದು ತಪ್ಪುತ್ತದೆ.

ವೈದ್ಯರನ್ನು ಕಾಣುವ ಮೊದಲು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯ ಅಭ್ಯಾಸ. ಈ ಚಿಕಿತ್ಸೆಯ ಗುರಿ ಏನು? ಇದರಿಂದ ಏನು ಪ್ರಯೋಜನ, ಏನು ತೊಂದರೆ? ಮಾಡಿಸದಿದ್ದರೆ ಏನಾಗುತ್ತದೆ? ಖರ್ಚು ಎಷ್ಟು? ರಾತ್ರಿ ವೇಳೆ ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು? ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ದಾರಿ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಮನೆಯವರು ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳಿವೆ. ಕಿಮೋಥೆರಪಿಯ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹೊಟ್ಟೆ ಬಿಗಿದು, ವಾಂತಿ ನಿಲ್ಲದೆ, ಮಲವೂ ವಾಯುವೂ ಸರಿಯದಿದ್ದರೆ ಅದು ಕರುಳಿನ ತಡೆಯ ಸೂಚನೆ, ಅದಕ್ಕೂ ತಡಮಾಡಬಾರದು. ಔಷಧಿಯಿಂದ ಬೆರಳುಗಳು ಮರಗಟ್ಟಿರುವಾಗ ಬಿಸಿ ಪಾತ್ರೆ ಇಳಿಸುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ಊಟದಲ್ಲಿ ಅತಿಯಾದ ಪಥ್ಯ ಸಲ್ಲದು. ಹಾಲು ಬಿಟ್ಟರೆ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆಂಬ ಮಾತಿಗೆ ಆಧಾರವಿಲ್ಲ. ಹಸಿವಿನಿಂದ ಸೊರಗುವುದು ರೋಗಿಯೇ. ರಾಗಿ ಗಂಜಿ, ತೊವ್ವೆ ಅನ್ನ, ಮೊಸರು ಮುಂತಾಗಿ ಆಕೆಗೆ ಒಗ್ಗುವುದನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಕೊಡಬೇಕು. ಯಾರೋ ಹೇಳಿದ ಪುಡಿ, ಬೇರು, ಕಷಾಯಗಳನ್ನು ಕೊಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು.

ಮೈಸೂರಿನಲ್ಲಿ ದೊರೆಯುವ ಆಸರೆ

ಮೈಸೂರಿಗೆ ವೈದ್ಯಕೀಯದ ಹಳೆಯ ಪರಂಪರೆಯಿದೆ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆಗಳು ಸುತ್ತಲಿನ ಜಿಲ್ಲೆಗಳ ಬಡಜನರಿಗೆ ಮೊದಲ ಬಾಗಿಲು. ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಹಾಗೂ ಹೆಬ್ಬಾಳದ ಹೊರವರ್ತುಲ ರಸ್ತೆಯಲ್ಲಿರುವ ಭಾರತ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ತಜ್ಞರ ಸೇವೆಯುಂಟು. ಇನ್ನೂ ಹೆಚ್ಚಿನ ಸಲಹೆ ಬೇಕಾದವರು 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುತ್ತಾರೆ. ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿದ ಒಂದು ಕಡತ ಕೈಯಲ್ಲಿದ್ದರೆ ಎಲ್ಲಿಗೆ ಹೋದರೂ ಸಮಯವೂ ಹಣವೂ ಉಳಿಯುತ್ತದೆ.

ಹಣದ ಚಿಂತೆ ಮರುಕಳಿಸಿದ ರೋಗದಲ್ಲಿ ಇನ್ನಷ್ಟು ತೀವ್ರ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸಾ ನೆರವಿದೆ. ಇತರ ಕುಟುಂಬಗಳಿಗೆ ಯೋಜನೆಯ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ನೆರವು ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದಾದ್ದರಿಂದ ಚಿಕಿತ್ಸೆ ಆರಂಭಿಸುವ ಮೊದಲೇ ಆಸ್ಪತ್ರೆಯಲ್ಲಿನ ಆರೋಗ್ಯಮಿತ್ರರನ್ನು ವಿಚಾರಿಸಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಚಾಲನೆ ಪಡೆದ ಯಶಸ್ವಿನಿ ಯೋಜನೆಯನ್ನೂ ವಿಚಾರಿಸಿ ನೋಡಬೇಕು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವವರೊಬ್ಬರಿಗೂ ರೈಲ್ವೆ ಇಲಾಖೆ ರಿಯಾಯಿತಿ ನೀಡುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ಇರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಹಳ್ಳಿಯಿಂದ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುವ ತಾಯಿಗೆ ಇದು ಸಣ್ಣ ಅನುಕೂಲವಲ್ಲ.

ಮನಸ್ಸಿನ ಬೇಗುದಿಗೆ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯಿದೆ. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಗೆ ಮಾತ್ರವಲ್ಲ, ಹಗಲಿರುಳು ಪಕ್ಕದಲ್ಲಿರುವ ಮಗಳಿಗೂ ಪತಿಗೂ ಇದು ಬೇಕಾಗಬಹುದು.

ನೋವು ನುಂಗಬೇಕಾದುದಲ್ಲ

ಉಪಶಾಮಕ ಆರೈಕೆ ಎಂದೊಡನೆ ‘ಇನ್ನು ಕೈಬಿಟ್ಟರು’ ಎಂದು ಭಾವಿಸುವವರೇ ಹೆಚ್ಚು. ಇದು ತಪ್ಪು ಕಲ್ಪನೆ. ನೋವು, ವಾಂತಿ, ಉಬ್ಬಸ, ನಿದ್ರಾಹೀನತೆ, ಭಯ ಇವುಗಳನ್ನು ಶಮನಗೊಳಿಸುವ ಈ ಆರೈಕೆಯನ್ನು ಕಿಮೋಥೆರಪಿಯ ಜೊತೆಜೊತೆಗೇ ಪಡೆಯಬಹುದು, ಪಡೆಯಬೇಕು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಇಂತಹ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದುದಲ್ಲದೆ ಹೆಚ್ಚು ಕಾಲ ಬದುಕಿದ್ದರು. ಇಂಗ್ಲೆಂಡಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆರೈಕೆಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು ನೋವಿಗೆ ದೇಹ, ಮನಸ್ಸು, ಸಂಸಾರ, ಅಧ್ಯಾತ್ಮ ಎಂಬ ನಾಲ್ಕು ಮುಖಗಳಿವೆಯೆಂದು ಮನಗಾಣಿಸಿದರು. ಮಗಳ ಮದುವೆಯ ಸಾಲದ ಚಿಂತೆ ತೀರದೆ ಹೊಟ್ಟೆಯ ನೋವೂ ಇಳಿಯದು ಎಂಬುದನ್ನು ನಮ್ಮ ಹಿರಿಯ ಹೆಂಗಸರೂ ಬಲ್ಲರು.

ಮೈಸೂರು ನಗರದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ಕಾರ್ಯಕರ್ತರು ರೋಗಿಗಳ ಮನೆಗೇ ಬಂದು ಉಪಶಾಮಕ ಆರೈಕೆ ನೀಡುತ್ತಾರೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳೇ ಕಟ್ಟಿದ ಸಂಸ್ಥೆಯಿದು. ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯದಲ್ಲಿ ಚಿಕಿತ್ಸೆಯ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆಶ್ರಯ, ಆರೈಕೆಗಳು ದೊರೆಯುತ್ತವೆ. ತೀವ್ರ ನೋವಿಗೆ ಮಾರ್ಫಿನ್ ಗುಳಿಗೆ ಉತ್ತಮ ಔಷಧಿ. ಅದರ ಪೂರೈಕೆಗೆ ಅಡ್ಡಿಯಾಗಿದ್ದ ಕಾನೂನನ್ನು 2014ರಲ್ಲಿ ಸಡಿಲಿಸಲಾಯಿತು. ನೋವಿಗಾಗಿ ವೈದ್ಯರ ನಿಗಾದಲ್ಲಿ ಸೇವಿಸುವವರು ಚಟಕ್ಕೆ ಬೀಳುವುದು ವಿರಳ. ‘ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಬೇಕು’ ಎಂದು ಹಲ್ಲುಕಚ್ಚುವುದರಲ್ಲಿ ಪುಣ್ಯವೇನೂ ಇಲ್ಲ.

ಹೆಣ್ಣುಮಕ್ಕಳ ವಿಚಾರ

ಅಂಡಾಶಯದ ಕ್ಯಾನ್ಸರ್ ತಗುಲಿದ ನೂರು ಮಹಿಳೆಯರಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಬಿಆರ್‌ಸಿಎ ವಂಶವಾಹಿಯ ದೋಷ ಕಂಡುಬರುತ್ತದೆ. ಇದರ ಪರೀಕ್ಷೆಯಿಂದ ಎರಡು ಲಾಭಗಳುಂಟು: ತಾಯಿಗೆ ಹೊಸ ಗುಳಿಗೆಗಳು ಸಲ್ಲುತ್ತವೆಯೇ ಎಂಬುದು ತಿಳಿಯುತ್ತದೆ, ಮಗಳು, ತಂಗಿಯರು ಮುನ್ನೆಚ್ಚರಿಕೆ ವಹಿಸಲು ಅವಕಾಶವಾಗುತ್ತದೆ. ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಗಂಡುಮಕ್ಕಳ ಮೂಲಕವೂ ಅದು ಮುಂದಿನ ಪೀಳಿಗೆಗೆ ಇಳಿಯಬಲ್ಲದು. ‘ಮದುವೆ ಮಾತುಕತೆಗೆ ತೊಡಕಾದೀತು’ ಎಂದು ಕುಟುಂಬಗಳು ಈ ಪರೀಕ್ಷೆಗೆ ಹಿಂಜರಿಯುವುದುಂಟು. ಸಂಬಂಧ ಬೆಳೆಸುವ ಹಿರಿಯರು ಇಂತಹ ವಿಷಯವನ್ನು ಕಳಂಕವೆಂದು ಕಾಣದೆ ಅರಿವೆಂದು ಕಾಣುವ ದಿನ ಬರಬೇಕು. ಮುಚ್ಚಿಟ್ಟ ರೋಗ ಮನೆತನದ ಮಾನವನ್ನು ಕಾಯುವುದಿಲ್ಲ. ಮಗಳ ಪ್ರಾಣಕ್ಕೆ ಎರವಾಗಬಹುದು.

ನೆರೆಹೊರೆಯ ದಾಸೋಹ

ರೋಗಿಯ ಮನೆಗೆ ಹೋಗುವವರು ಆಡುವ ಮಾತು ಮದ್ದೂ ಆಗಬಹುದು, ವಿಷವೂ ಆಗಬಹುದು. ‘ನಮ್ಮ ಅತ್ತಿಗೆಗೂ ಹೀಗೇ ಆಗಿತ್ತು, ಆರು ತಿಂಗಳೂ ಉಳಿಯಲಿಲ್ಲ’ ಎನ್ನುವ ಭೇಟಿಗಿಂತ ಭೇಟಿ ಇಲ್ಲದಿರುವುದೇ ಮೇಲು. ‘ಧೈರ್ಯವಾಗಿರಿ’ ಎಂದು ನೂರು ಸಲ ಹೇಳುವುದರಿಂದಲೂ ಹೆಚ್ಚಿನ ಫಲವಿಲ್ಲ. ಅಳಬೇಕೆನಿಸಿದ ದಿನ ಅಳಲು ಬಿಡದಿದ್ದರೆ ಧೈರ್ಯವೂ ಒಂದು ಹೊರೆಯಾಗುತ್ತದೆ. ಬದಲಾಗಿ, ಕಿಮೋಥೆರಪಿಯ ದಿನ ಒಂದು ಹೊತ್ತಿನ ಅಡುಗೆ ಮಾಡಿ ಕಳುಹಿಸಬಹುದು. ಮಕ್ಕಳನ್ನು ಶಾಲೆಯಿಂದ ಕರೆತರಬಹುದು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬಹುದು. ಪತಿಗೆ ಒಂದು ರಾತ್ರಿ ನಿದ್ರೆ ಮಾಡಲು ಬಿಟ್ಟು ತಾವು ಕಾವಲು ಕೂರಬಹುದು. ಬಾಯಿಮಾತಿಲ್ಲದ ಈ ಸೇವೆಯೇ ನಿಜವಾದ ದಾಸೋಹ. ಮರುಕಳಿಸಿದ ರೋಗ ದೀರ್ಘಕಾಲದ್ದಾದುದರಿಂದ ಮೊದಲ ವಾರದ ಉತ್ಸಾಹಕ್ಕಿಂತ ಹತ್ತನೆಯ ತಿಂಗಳಲ್ಲಿಯೂ ತಪ್ಪದೆ ಬರುವ ಒಬ್ಬ ನೆರೆಯಾಕೆ ಹೆಚ್ಚು ಬೆಲೆಯುಳ್ಳವಳು. ನಮ್ಮ ಮಹಿಳಾ ಸಂಘಗಳು ವಾರದ ಸರದಿಯನ್ನು ಹಾಕಿಕೊಂಡು ಇಂತಹ ಮನೆಗಳಿಗೆ ನೆರವಾಗುವುದು ಕಷ್ಟವಲ್ಲ.

ರೋಗಿಯಿಂದ ಎಲ್ಲ ಕೆಲಸಗಳನ್ನೂ ಕಿತ್ತುಕೊಳ್ಳುವುದೂ ತರವಲ್ಲ. ಜೀವನವಿಡೀ ಕಾಯಕದಲ್ಲಿ ಬಾಳಿದವಳಿಗೆ ‘ನೀನು ಸುಮ್ಮನೆ ಮಲಗಿರು’ ಎಂಬುದು ಶಿಕ್ಷೆಯೇ. ಹೂ ಕಟ್ಟುವುದೋ, ಮೊಮ್ಮಕ್ಕಳಿಗೆ ಪಾಠ ಹೇಳುವುದೋ, ತಿಂಗಳ ಲೆಕ್ಕ ಬರೆಯುವುದೋ ಆಕೆಗೆ ಆದೀತು. ಮೈಯಲ್ಲಿ ಶಕ್ತಿಯಿರುವ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದುಬರಬಹುದು. ಪೂಜೆಗೆ ಕೂರಲಾಗದ ದಿನ ಮಲಗಿದಲ್ಲಿಯೇ ನೆನೆದರೂ ಸಾಕು. ಯಾವ ದೇವರೂ ಅದನ್ನು ಲೋಪವೆಂದು ಎಣಿಸನು.

ಮರುಕಳಿಸಿದ ಕ್ಯಾನ್ಸರ್ ಎಷ್ಟು ದಿನಗಳನ್ನು ಉಳಿಸಿಕೊಡುತ್ತದೆಂಬುದು ವೈದ್ಯರ ಕೈಯಲ್ಲಿಯೂ ಪೂರ್ಣವಾಗಿಲ್ಲ. ಉಳಿದ ದಿನಗಳು ಹೇಗಿರಬೇಕೆಂಬುದರ ಬಹುಭಾಗ ಮಾತ್ರ ಮನೆಯವರ ಕೈಯಲ್ಲಿದೆ. ನೋವಿಲ್ಲದ ರಾತ್ರಿ, ಸುಳ್ಳಿಲ್ಲದ ಮಾತು, ಸಾಲದ ಭಯವಿಲ್ಲದ ಚಿಕಿತ್ಸೆ, ಕೈಹಿಡಿದು ಕೂರುವ ಒಬ್ಬರು ಇಷ್ಟು ದೊರೆತ ತಾಯಿಯ ಮುಖದಲ್ಲಿ ಭರವಸೆ ತಾನಾಗಿ ಮೂಡುತ್ತದೆ. ಓದುಗರ ಬಳಗದಲ್ಲಿ ಇಂತಹ ಮನೆಯೊಂದಿದ್ದರೆ, ಇಂದೇ ಆ ತಾಯಿಯ ಬಳಿ ಕುಳಿತು ‘ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳಿರಿ. ಆಕೆ ಹೇಳಿ ಮುಗಿಸುವವರೆಗೆ ಸಾವಧಾನದಿಂದ ಆಲಿಸಿರಿ.